ಅಯ್ಯನವರು ಕೊಟ್ಟ ಎರಡು ನಿಮಿಷ

ಭಾನುವಾರದ ನನ್ನ ಕೈಚೀಲವನ್ನು ನಾನು ವರ್ಷಕ್ಕೊಂದು ಸಲ ಮಾತ್ರ ಕೊಡವುತ್ತೇನೆ. ಮೊನ್ನೆ ಕೊಡವಿದಾಗ ಬೈಬಲ್ಲಿನ ಕೆಳಗಿನಿಂದ ಏಳು ಪೆಪ್ಪರಮಿಂಟು ಬಿದ್ದವು. ಒಂದರದ್ದೂ ಕಾಗದ ಬಿಚ್ಚಿರಲಿಲ್ಲ. ಸೆಕೆಗೆ ಕರಗಿ ಕಾಗದಕ್ಕೇ ಅಂಟಿಕೊಂಡಿದ್ದವು. ಅವನ್ನು ಮಂಚದ ಮೇಲೆ ಸಾಲಾಗಿ ಇಟ್ಟುಕೊಂಡು ನೋಡುತ್ತ ಕೂತೆ. ಅಷ್ಟರಲ್ಲಿ ನಮ್ಮನೆಯವರು ಬಂದರು.

"ಏನೇ ಇದು? ಸಕ್ಕರೆ ಕಾಯಿಲೆ ಇಟ್ಕೊಂಡು ಕದ್ದು ಪೆಪ್ಪರಮಿಂಟು ತಿಂತಿದ್ದೀಯಾ?"

ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಎದುರಿಗಿರುವವರು ಏನನ್ನೋ ಬಚ್ಚಿಟ್ಟಿದ್ದಾರೆ ಅನ್ನುವುದೇ ಅವರ ಮೊದಲ ಅನುಮಾನ.

"ತಿಂದಿದ್ರೆ ಇಲ್ಲಿ ಹೇಗ್ರೀ ಇರ್ತಿತ್ತು? ತಿನ್ನಲಿಲ್ಲ ಅಂತಲೇ ಇದೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಾರದು. ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಚುಟುಕಾಗಿ ಮಾತಾಡುವ ಅಭ್ಯಾಸ ನನಗಿಲ್ಲ.

ಈ ಪೆಪ್ಪರಮಿಂಟು ನನ್ನ ಗಂಟಲಿಗೆ. ಮಾಲೂರಿನ ನಮ್ಮ ಚರ್ಚಿನಲ್ಲಿ ಭಾನುವಾರ ಪಾದ್ರಿಗಳ ಉಪದೇಶ, ನಮ್ಮ ಮಾತಲ್ಲಿ ಪ್ರಸಂಗ, ಮುಗಿದ ಮೇಲೆ ಒಬ್ಬರು ನಿಂತು ಸಭೆಯವರೆಲ್ಲರ ಪರವಾಗಿ ಪ್ರಾರ್ಥನೆ ಮಾಡಬೇಕು. ಹದಿನೆಂಟು ವರ್ಷದಿಂದ ಆ ಒಬ್ಬರು ನಾನೇ. ಯಾರೂ ನನ್ನನ್ನು ಓಟು ಹಾಕಿ ಆರಿಸಿದ್ದಲ್ಲ. ಪಾದ್ರಿಗಳನ್ನು ನಾವು ಅಯ್ಯನವರು ಅನ್ನುತ್ತೇವೆ. ಆಗಿದ್ದ ಅಯ್ಯನವರಿಗೆ ಒಂದು ಭಾನುವಾರ ಗಂಟಲು ಕಟ್ಟಿ, "ಸುಗುಣ ಟೀಚರ್, ನೀವು ಸ್ವಲ್ಪ ಪ್ರಾರ್ಥನೆ ನಡೆಸಿಕೊಡಿ" ಅಂದರು. ಅವರ ಗಂಟಲು ಮುಂದಿನ ವಾರವೇ ಸರಿಹೋಯಿತು. ಮೈಕು ಮಾತ್ರ ನನ್ನ ಕೈಯಲ್ಲೇ ಉಳಿಯಿತು.

ಅವರು ಅಂದ ಆ 'ಸ್ವಲ್ಪ' ನನ್ನ ಬಾಯಿಗೆ ಬಂದು ಹನ್ನೊಂದು ನಿಮಿಷವಾಯಿತು. ಮೊದಲು ದೇಶ, ರಾಜ್ಯ. ಆಮೇಲೆ ಬೆಳಗಿನ ರೈಲಿಗೆ ನೇತಾಡಿಕೊಂಡು ಬೆಂಗಳೂರಿಗೆ ಹೋಗುವವರು, ಇಟ್ಟಿಗೆ ಗೂಡಿನಲ್ಲಿ ದುಡಿಯುವವರು. ಶ್ರೀನಿವಾಸಪುರದ ಕಡೆ ಮಾವಿನ ಹೂವು ಉದುರದಿರಲಿ ಅಂತ ಒಂದು ಮಾತು. ಅದು ನನ್ನ ತವರಿನ ಕಡೆ, ಸ್ವಲ್ಪ ಪಕ್ಷಪಾತ. ಅಲ್ಲಿಂದ ಹೆಸರು ಹಿಡಿದು ಒಬ್ಬೊಬ್ಬರು. ಯಾರ ಮಂಡಿ, ಯಾರ ಕಣ್ಣಿನ ಪೊರೆ, ಯಾರ ಮಗನಿಗೆ ಕೆಮಿಸ್ಟ್ರಿ ಉಳಿದಿದೆ, ಯಾರ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ. ನನ್ನ ಪ್ರಾರ್ಥನೆ ಕೇಳಿಕೊಂಡೇ ಜನ ಮಧ್ಯಾಹ್ನ ಯಾರ ಮನೆಗೆ ಹಣ್ಣು ಹಿಡಿದುಕೊಂಡು ಹೋಗಬೇಕು ಅಂತ ತೀರ್ಮಾನಿಸುತ್ತಿದ್ದರು. ಬಾರದೆ ಹೋದವರು ಮಾರನೇ ದಿನ ಮಾರ್ಕೆಟ್ಟಿನಲ್ಲಿ ಸಿಕ್ಕಿ, "ಟೀಚರಮ್ಮ ಪ್ರಾರ್ಥನೇಲಿ ಏನೇನ್ ಹೇಳಿದ್ರು?" ಅಂತ ಬೇರೆಯವರನ್ನು ವಿಚಾರಿಸುತ್ತಿದ್ದರು. ಪ್ರಸಂಗದಲ್ಲಿ ಏನು ಹೇಳಿದರು ಅಂತ ಯಾರೂ ವಿಚಾರಿಸಿದ್ದು ನಾನು ಕೇಳಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗಬೇಕು. ಆಗುತ್ತಿಲ್ಲ, ಒಳಗೊಳಗೇ ಹೆಮ್ಮೆಯಾಗುತ್ತಿದೆ.

ಬಾಯಿ ಬಿಟ್ಟು ಪ್ರಾರ್ಥನೆ ಮಾಡುವುದು ನಮ್ಮ ಮನೆತನದ ಚಾಳಿ. ನಾನು ಬೆಳೆದದ್ದು ರಾಯಲ್ಪಾಡಿನ ಹತ್ತಿರ, ಆಂಧ್ರದ ಗಡಿಯಲ್ಲಿ. ಅಪ್ಪ ಉಪದೇಶಿ; ಅಯ್ಯನವರು ತಿಂಗಳಿಗೊಂದು ಸಲ ಬಂದುಹೋಗುವ ಹಳ್ಳಿಗಳಲ್ಲಿ ಉಳಿದ ಭಾನುವಾರಗಳನ್ನು ನಡೆಸಿಕೊಂಡು ಹೋಗುವ ಕೆಲಸ. ಸಂಜೆ ದೀಪ ಹಚ್ಚುತ್ತಲೇ ಮನೆಯಲ್ಲಿ ಪ್ರಾರ್ಥನೆ. ಚಾಪೆಯ ಮೇಲೆ ಸಾಲಾಗಿ ಮೊಣಕಾಲೂರಬೇಕು. ಅಪ್ಪ ಕನ್ನಡದಲ್ಲಿ ಶುರು ಮಾಡಿದರೆ ಅಮ್ಮನ ತಾಯಿ ಅಮ್ಮಮ್ಮ ನಡುವೆ ತೆಲುಗಿನಲ್ಲಿ ಬಾಯಿ ಹಾಕುತ್ತಿದ್ದಳು. ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಿರುತ್ತಿತ್ತು; ಅದರ ವಾಸನೆ ನಮ್ಮ ಮೂಗಿಗೆ ಬಡಿದಷ್ಟೂ ಅಮ್ಮಮ್ಮ ಬೇಕೆಂದೇ ಪ್ರಾರ್ಥನೆ ಎಳೆಯುತ್ತಾಳೆ ಅಂತ ನಮ್ಮ ಅನುಮಾನ. ಆಕೆಯ ಪ್ರಾರ್ಥನೆಯಲ್ಲಿ ಎಮ್ಮೆ ಬರುತ್ತಿತ್ತು, ಎಮ್ಮೆಯ ಕರು ಬರುತ್ತಿತ್ತು, ಪಕ್ಕದ ಮನೆ ರೆಡ್ಡೆಮ್ಮನ ಸೊಂಟನೋವೂ ಬರುತ್ತಿತ್ತು. ರೆಡ್ಡೆಮ್ಮ ನಮ್ಮ ಸಭೆಯವಳಲ್ಲ, ಗಂಗಮ್ಮನಿಗೆ ನಡೆದುಕೊಳ್ಳುವವಳು. ಆದರೂ ಗೋಡೆಯಾಚೆಯಿಂದ, "ನಾ ಪೇರು ಚೆಪ್ಪಿನಾವಾ ಅತ್ತಾ?" ಅಂತ ಕೂಗಿ ಕೇಳುತ್ತಿದ್ದಳು, ನನ್ನ ಹೆಸರು ಹೇಳಿದೆಯಾ ಅತ್ತೆ ಅಂತ.

ಒಂದು ಸಂಜೆ ನನ್ನ ಸರದಿ ಬಂದಾಗ, ನಾನು ಮನಸ್ಸಿನಲ್ಲೇ ಮಾಡಿಕೊಳ್ಳುತ್ತೇನೆ ಅಂದೆ. ನಿಜ ಹೇಳಬೇಕೆಂದರೆ ತೂಕಡಿಕೆ ಬರುತ್ತಿತ್ತು. ಅಮ್ಮಮ್ಮ ತಲೆಗೊಂದು ಮೊಟಕಿ, "ನೋರು ತೆರಿಚಿ ಅಡಗವೇ ಪಿಲ್ಲಾ" ಅಂದಳು. ಬಾಯಿ ತೆರೆದು ಕೇಳೇ ಹುಡುಗಿ. ಮನಸ್ಸಿನಲ್ಲೇ ಗೊಣಗಿದರೆ ಯಾವ ಊರಿನ ಯಾವ ಸುಗುಣ ಅಂತ ಆತನಿಗೆ ಹೇಗೆ ಗೊತ್ತಾಗಬೇಕು ಅನ್ನುವುದು ಆಕೆಯ ವಾದ. ಅವತ್ತು ತೆರೆದ ಬಾಯಿ ನೋಡಿ, ಆಮೇಲೆ ಸ್ಕೂಲ್ ಟೀಚರ್ ಬೇರೆ ಆದೆ. ಮೂವತ್ತೆರಡು ವರ್ಷ ಮೇಜು ಕುಟ್ಟಿ 'ಸೈಲೆನ್ಸ್' ಎಂದು ಕಿರುಚಿದ್ದೇನೆ. ಅಂದರೆ ನನಗೆ ಗೊತ್ತಿದ್ದ ಮೌನವೆಲ್ಲ ಬೇರೆಯವರು ಪಾಲಿಸಬೇಕಾದದ್ದು.

ಹೋದ ಜೂನಿನಲ್ಲಿ ನಮಗೆ ಹೊಸ ಅಯ್ಯನವರು ಬಂದರು. ಚಿಕ್ಕ ವಯಸ್ಸು, ತೆಳ್ಳಗೆ, ಮಾತಿಗೊಂದು ನಗು. ಅವರ ಮೂರನೇ ಭಾನುವಾರವೋ ನಾಲ್ಕನೆಯದೋ ಇರಬೇಕು. ಪ್ರಸಂಗ ಮುಗಿಯುವ ಹೊತ್ತಿಗೆ ನಾನು ಎಂದಿನಂತೆ ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡು, ಸೆರಗು ಸರಿ ಮಾಡಿಕೊಂಡು, ನಡುವಿನ ದಾರಿಯಲ್ಲಿ ಮೈಕಿನ ಕಡೆ ಹೊರಟಿದ್ದೆ.

"ಕೂತ್ಕೊಳ್ಳಿ ಟೀಚರಮ್ಮ" ಅಂದರು ಅಯ್ಯನವರು. "ಇವತ್ತು ಯಾರೂ ಏನೂ ಹೇಳೋದು ಬೇಡ. ಎರಡು ನಿಮಿಷ ನಾವೆಲ್ಲ ಮೌನವಾಗಿರೋಣ."

ಅರ್ಧ ದಾರಿಯಲ್ಲಿದ್ದವಳು ಗಾಬರಿಗೆ ಸಿಕ್ಕ ಬೆಂಚಿನಲ್ಲಿ ಕೂತೆ. ಅದು ಗಂಡಸರ ಕಡೆಯ ಬೆಂಚು. ಪಕ್ಕದಲ್ಲಿದ್ದ ಯೋಸೇಪಪ್ಪ, ಎಂಬತ್ತು ದಾಟಿದ ಮುದುಕರು, ನನ್ನನ್ನು ನೋಡಿ ಒಂದು ಗೇಣು ಆಚೆ ಸರಿದರು. ಆದರೆ ನಾನು ಕೂತು ಒಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇಡೀ ಸಭೆ ಎದ್ದು ನಿಂತಿತು! ನಮ್ಮ ಕಡೆ 'ಎರಡು ನಿಮಿಷ ಮೌನ' ಅಂದರೆ ಯಾರೋ ತೀರಿಹೋಗಿದ್ದಾರೆ ಅಂತ. ಸ್ಕೂಲಿನಲ್ಲಿ, ತಾಲ್ಲೂಕು ಆಫೀಸಿನಲ್ಲಿ, ಸಂಘದ ಮೀಟಿಂಗಿನಲ್ಲಿ ನಾವು ಕಂಡಿರುವುದು ಅದನ್ನೇ. ಎಲ್ಲರೂ ತಲೆ ಬಗ್ಗಿಸಿ, ಕೈ ಕಟ್ಟಿ ನಿಂತುಬಿಟ್ಟರು. ನಾನೂ ನಿಂತೆ.

"ಎವರು ಪೋಯಿನಾರು?" ಅಂದರು ಯೋಸೇಪಪ್ಪ, ಯಾರು ಹೋದರು ಅಂತ. ಅವರಿಗೆ ಕಿವಿ ಮಂದ, ಪಿಸುಗುಟ್ಟಿದ್ದೇ ಇಡೀ ಚರ್ಚಿಗೆ ಕೇಳಿಸಿತು. ಹೆಂಗಸರ ಕಡೆ ಯಾರೋ ಆಗಲೇ ಮೂಗು ಸೇದಿಕೊಂಡರು. ಮೈಕು ನೋಡಿಕೊಳ್ಳುವ ದೇವರಾಜು ತನ್ನ ತಂತಿಯೇ ಕೈಕೊಟ್ಟಿತು ಅಂದುಕೊಂಡು ಓಡಿಬಂದು, ಮೈಕಿನ ತಲೆಗೆ ತಟ್ಟಿ, "ಹಲೋ, ಹಲೋ, ಚೆಕ್" ಅಂದ. ಅಷ್ಟರಲ್ಲಿ ಬೆಂಗಳೂರಿನ ರೈಲು ಕೂಗಿಕೊಂಡು ಹೋಯಿತು. ಎರಡು ನಿಮಿಷ ಮುಗಿಯಿತು.

ಅಯ್ಯನವರು ಮುಂದೆ ಏನೂ ವಿವರಿಸಲಿಲ್ಲ, ಆಶೀರ್ವಾದ ಹೇಳಿ ಮುಗಿಸಿದರು. ವಿವರಿಸದಿದ್ದರೆ ನಮ್ಮವರು ಸುಮ್ಮನಿರುತ್ತಾರೆಯೇ? ಗೇಟಿನ ಹತ್ತಿರ ಬರುವಷ್ಟರಲ್ಲಿ, ರಿಟೈರಾಗಿ ಮುಳಬಾಗಿಲಿನಲ್ಲಿ ನೆಲೆಸಿದ್ದ ನಮ್ಮ ಹಳೇ ಅಯ್ಯನವರು ಹೋಗಿಬಿಟ್ಟರು ಅಂತ ತೀರ್ಮಾನವಾಗಿತ್ತು. ಅವರಿಗೆ ಹುಷಾರಿಲ್ಲ ಅಂತ ಹಿಂದಿನ ವಾರ ಪ್ರಾರ್ಥನೆಯಲ್ಲಿ ಹೇಳಿದ್ದವಳು ನಾನೇ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನಮ್ಮನೆಯವರು ಮತ್ತು ದೇವರಾಜು ಬಸ್ ಸ್ಟ್ಯಾಂಡಿನ ಹತ್ತಿರ ದೊಡ್ಡದೊಂದು ಸೇವಂತಿಗೆ ಹಾರ ಕಟ್ಟಿಸಿಕೊಂಡರು. ಹೊರಡುವ ಮುಂಚೆ, ಹೂಳುವುದು ಎಷ್ಟು ಹೊತ್ತಿಗೆ ಅಂತ ಕೇಳೋಣವೆಂದು ಆ ಮನೆಗೆ ಫೋನ್ ಮಾಡಿದರು. ಫೋನ್ ಎತ್ತಿದವರು ಹಳೇ ಅಯ್ಯನವರೇ.

"ಯಾರಪ್ಪಾ ಹೋಗಿದ್ದು?" ಅಂತ ಅವರೇ ಗಾಬರಿಯಾಗಿ ಕೇಳಿದರಂತೆ. ನಮ್ಮನೆಯವರು, "ಯಾರೂ ಇಲ್ಲ ಅಯ್ಯಾ, ಊಟ ಆಯ್ತಾ?" ಅಂದು ಇಟ್ಟರು. ಹಾರವನ್ನು ಮನೆಗೆ ತಂದರು. ಬಾಗಿಲಿಗೆ ಕಟ್ಟುವ ಹಾಗಿಲ್ಲ, ಎಸೆಯಲು ಮನಸ್ಸಿಲ್ಲ. ಮೂರು ದಿನ ಬಚ್ಚಲ ಬಕೆಟ್ಟಿನಲ್ಲಿ ಇತ್ತು.

ಊರಿನವರಿಗೆ ಇದು ನಗುವ ವಿಷಯವಾಯಿತು. ನನಗೆ ಮಾತ್ರ ನಗು ಬರಲಿಲ್ಲ. ನನ್ನ ಹೊಟ್ಟೆಯೊಳಗೆ ಒಂದು ಅನುಮಾನ ಕೂತಿತ್ತು: ಈ ಮೌನ ನನಗೇ ಗುರಿಯಿಟ್ಟು ಹೊಡೆದದ್ದು. ನನ್ನ ಬಾಯಿ ಮುಚ್ಚಿಸಲು ಯಾರೋ ಹೊಸ ಅಯ್ಯನವರ ಕಿವಿ ಊದಿದ್ದಾರೆ. ಯಾರು ಅಂತಲೂ ನನಗೆ ಗೊತ್ತಿತ್ತು. ಗೊತ್ತಿತ್ತು ಅಂದುಕೊಂಡಿದ್ದೆ. ಅದನ್ನು ಹೇಳಬೇಕಾದರೆ ಎಸ್ತರಳ ವಿಷಯ ಹೇಳಬೇಕು.

ಎಸ್ತರು ನಮ್ಮ ಬೀದಿಯವಳು, ಯಲ್ದೂರಿನಿಂದ ಮದುವೆಯಾಗಿ ಬಂದವಳು, ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ನನಗಿಂತ ಎಂಟು ವರ್ಷ ಚಿಕ್ಕವಳು. ಇಪ್ಪತ್ತು ವರ್ಷ ಚರ್ಚಿನಲ್ಲಿ ನಾವಿಬ್ಬರೂ ಒಂದೇ ಬೆಂಚು, ಇಬ್ಬರಿಗೂ ಸೇರಿ ಒಂದೇ ಕೀರ್ತನೆ ಪುಸ್ತಕ. ಅವಳಿಗೆ ಒಬ್ಬಳೇ ಮಗಳು, ಶೀಲಾ, ಕೋಲಾರದಲ್ಲಿ ನರ್ಸು. ಹೋದ ವರ್ಷ ಡಿಸೆಂಬರಿನಲ್ಲಿ ಶೀಲಾಗೆ ಮುಳಬಾಗಿಲಿನ ಒಂದು ಸಂಬಂಧ ಕುದುರಿತ್ತು, ಹುಡುಗ ಒಪ್ಪಿದ್ದ. ಒಂದು ಶನಿವಾರ ಎಸ್ತರು ನಮ್ಮ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿ ಕೂತಳು. ಶೀಲಾಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತಂತೆ. ಎಂಟನೇ ವಯಸ್ಸಿಗೆ ನಿಂತುಹೋಗಿತ್ತು, ಆಮೇಲೆ ಬಂದಿಲ್ಲ.

"ಅವರಿಗೆ ಹೇಳ್ಬೇಕು ಅಕ್ಕ, ಮುಚ್ಚಿಡಬಾರದು. ಮುಂದಿನ ವಾರ ಬರ್ತಾರೆ, ಆಗ ನಾನೇ ನಿಧಾನವಾಗಿ ಹೇಳ್ತೀನಿ. ಭಯ ಆಗ್ತಿದೆ, ಪ್ರಾರ್ಥನೆ ಮಾಡು" ಅಂದಳು.

ಮಾಡಿದೆ. ಮಾರನೇ ದಿನವೇ, ಮೈಕಿನಲ್ಲಿ. "ಕರ್ತನೇ, ನಮ್ಮ ಶೀಲಾಗೆ ಬಾಲ್ಯದಲ್ಲಿ ಬರುತ್ತಿದ್ದ ಮೂರ್ಛೆ ಇನ್ನೆಂದೂ ಮರಳದಂತೆ ಕಾಯಿ, ಅವಳ ಮದುವೆಯನ್ನು ಸುಗಮ ಮಾಡು" ಅಂತ ಕಣ್ಣೀರು ಸುರಿಸಿಕೊಂಡು ಬೇಡಿದೆ. ನೀವು ನಂಬುತ್ತೀರೋ ಇಲ್ಲವೋ, ಗುಟ್ಟು ಬಯಲು ಮಾಡುತ್ತಿದ್ದೇನೆ ಅಂತ ನನಗೆ ಒಂದು ಚೂರೂ ಹೊಳೆಯಲಿಲ್ಲ. ಹದಿನೆಂಟು ವರ್ಷ ಹೀಗೇ ಮಾಡಿದ್ದೆ. ದೇವರಿಗೆ ಹೇಳಿದ್ದು ಜನಕ್ಕೆ ಹೇಳಿದ ಲೆಕ್ಕವಲ್ಲ ಅಂತ ಅಂದುಕೊಂಡಿದ್ದೆ. ನಾನು ಕಣ್ಣು ಮುಚ್ಚಿದಾಗ ಲೋಕವೆಲ್ಲ ಕಿವಿ ಮುಚ್ಚಿಕೊಂಡಿರುತ್ತದೆ ಅನ್ನುವ ಭ್ರಮೆ ನನ್ನದು. ಆಮೆನ್ ಹೇಳಿ ಕಣ್ಣು ಬಿಟ್ಟರೆ ಮೂರನೇ ಬೆಂಚಿನಲ್ಲಿ ಮುಳಬಾಗಿಲಿನವರು ಕೂತಿದ್ದರು. ಹುಡುಗಿಯ ಊರು, ಸಭೆ ಹೇಗಿದೆ ನೋಡೋಣವೆಂದು ಒಂದು ವಾರ ಮುಂಚೆಯೇ, ಹೇಳದೆ ಕೇಳದೆ ಬಂದಿದ್ದರು.

ಅವರು ಜಗಳವಾಡಲಿಲ್ಲ. ಎಸ್ತರಳ ಮನೆಯಲ್ಲಿ ಕಾಫಿ ಕುಡಿದು, ಯೋಚಿಸಿ ಹೇಳುತ್ತೇವೆ ಅಂದು ಹೋದರು. ಹೇಳಲೇ ಇಲ್ಲ. ಎಸ್ತರು ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಕೊನೆಯ ಬೆಂಚಿಗೆ ಹೋದಳು. ನನ್ನ ಹಳದಿ ರವಿಕೆಯ ಬಟ್ಟೆ ಅವಳ ಹತ್ತಿರವೇ ಉಳಿಯಿತು. ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಒಂದು ಸಲ ಹೋಗಿದ್ದೆ, ಇಲ್ಲವೆನ್ನುವುದಿಲ್ಲ. ಬೇಸಿಗೆಯಲ್ಲಿ ತವರಿನಿಂದ ಮಾವಿನಹಣ್ಣು ಬಂದಾಗ ಒಂದು ಬುಟ್ಟಿ ಹೊತ್ತುಕೊಂಡು ಹೋಗಿ ಅವಳ ಬಾಗಿಲಲ್ಲಿ ಕೂತು ಅರ್ಧ ಗಂಟೆ ಮಾತಾಡಿದೆ. ನನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಅಂತ, ಅವರು ಬಂದಿದ್ದು ಗೊತ್ತಿರಲಿಲ್ಲ ಅಂತ, ಅಷ್ಟಕ್ಕೇ ಹಿಂದೆ ಸರಿಯುವವರು ಎಂಥ ಸಂಬಂಧ ಅಂತ. ಅಷ್ಟೂ ಹೊತ್ತು ಅವಳು ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದಳು. ತಪ್ಪಾಯಿತು ಅನ್ನುವ ಒಂದು ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ ಅಂತ ಮನೆಗೆ ಬಂದ ಮೇಲೆ ಹೊಳೆಯಿತು.

ಸರಿ, ಮೌನದ ಭಾನುವಾರ ಮುಗಿದ ಮಾರನೇ ಬೆಳಗ್ಗೆಯೇ ಅಯ್ಯನವರ ಮನೆಗೆ ನುಗ್ಗಿದೆ. ಅವರು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು. ಅವರ ಹೆಂಡತಿಗೆ ಬೆಂಗಳೂರಿನಲ್ಲಿ ಕೆಲಸ, ಆಗಲೇ ರೈಲಿಗೆ ಹೋಗಿಯಾಗಿತ್ತು.

"ನೇರವಾಗಿ ಹೇಳ್ಬಿಡಿ ಅಯ್ಯನವರೇ. ನನ್ನ ಪ್ರಾರ್ಥನೆ ನಿಲ್ಲಿಸೋಕೆ ನಿಮಗೆ ಹೇಳಿಕೊಟ್ಟೋರು ಎಸ್ತರಮ್ಮ ತಾನೇ?"

"ಎಸ್ತರಮ್ಮ ಅಂದ್ರೆ ಯಾರು?" ಅಂದರು, ಸೌಟು ಹಿಡಿದುಕೊಂಡು.

ಅವರ ಮುಖ ನೋಡಿದರೆ ಸುಳ್ಳಾಡುವ ಹಾಗಿರಲಿಲ್ಲ. ಆದರೆ ಕೋಪದಲ್ಲಿ ಹೊರಟ ಬಾಯಿ ಅಷ್ಟಕ್ಕೆಲ್ಲ ನಿಲ್ಲುತ್ತದೆಯೇ? ಎಸ್ತರು ಯಾರು, ಶೀಲಾ ಯಾರು, ಮೂರ್ಛೆ ಯಾವಾಗ ಬರುತ್ತಿತ್ತು, ಮುಳಬಾಗಿಲಿನವರು ಏನಂದರು, ಎಲ್ಲವನ್ನೂ ಕಕ್ಕಿದೆ. ಕಕ್ಕಿ ಮುಗಿಸಿದ ಮೇಲೆ ತಿಳಿಯಿತು: ಅವರಿಗೆ ಒಂದು ಅಕ್ಷರವೂ ಗೊತ್ತಿರದ ಗುಟ್ಟನ್ನು ಎರಡನೇ ಸಲ ಬಯಲು ಮಾಡಿದವಳು ನಾನೇ. ರವೆ ಸೀದ ವಾಸನೆ ಬಂತು.

"ಟೀಚರಮ್ಮ," ಅಂದರು ಒಲೆ ಆರಿಸಿ, "ವಾರವೆಲ್ಲ ನಾನು ಮಾತಾಡ್ತಾನೇ ಇರ್ತೀನಿ. ಮದುವೆ, ಸಾವು, ಮೀಟಿಂಗು. ದೇವರ ಮುಂದೆ ಬಂದ್ರೂ ನನ್ನ ದನಿಯೇ ನನಗೆ ಕೇಳಿಸ್ತಿತ್ತು. ಅದಕ್ಕೇ ಎರಡು ನಿಮಿಷ ಜಾಗ ಮಾಡೋಣ ಅನ್ನಿಸ್ತು. ನಿಮ್ಮ ವಿಷಯ ನನಗೆ ಏನೂ ಗೊತ್ತಿಲ್ಲ."

"ಹೋಗ್ಲಿ, ಆ ಎರಡು ನಿಮಿಷ ಏನು ಮಾಡ್ಬೇಕು? ಅದನ್ನಾದ್ರೂ ಹೇಳಿಕೊಡಿ."

"ಏನೂ ಮಾಡ್ಬೇಡಿ."

ಇದು ಉತ್ತರವೇ? ಮಕ್ಕಳಿಗೆ ಹೋಂವರ್ಕ್ ಕೊಡುವಾಗ 'ಏನೂ ಬರೆಯಬೇಡಿ' ಅಂದರೆ ಅವು ಏನು ಮಾಡಬೇಕು? "ಕೆಲವು ವಾರ ಹೀಗೇ ಇರಲಿ, ಆಮೇಲೆ ನಿಮ್ಮ ಪ್ರಾರ್ಥನೆಗೂ ಜಾಗ ಮಾಡೋಣ" ಅಂದರು. ಸೀದ ಉಪ್ಪಿಟ್ಟನ್ನೇ ನನಗೂ ಒಂದು ತಟ್ಟೆ ಕೊಟ್ಟರು. ತಿಂದುಕೊಂಡು ಬಂದೆ.

ಆಮೇಲೆ ಏಳು ಭಾನುವಾರ. ಅಭ್ಯಾಸಬಲದಿಂದ ಪ್ರತಿ ವಾರ ಒಂದು ಪೆಪ್ಪರಮಿಂಟು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ, ತಿನ್ನುವ ಸಂದರ್ಭ ಬರುತ್ತಿರಲಿಲ್ಲ. ಸಭೆಯವರು ಎದ್ದು ನಿಲ್ಲುವುದನ್ನು ಬಿಟ್ಟರು. ದೇವರಾಜು ಮೈಕು ತಟ್ಟುವುದನ್ನು ಬಿಟ್ಟ. ಯೋಸೇಪಪ್ಪ ಕೂತಲ್ಲೇ ನಿದ್ದೆ ಹೋಗುವುದನ್ನು ಕಲಿತರು. ಎಲ್ಲರೂ ಒಂದೊಂದು ದಾರಿ ಕಂಡುಕೊಂಡರು, ನನ್ನೊಬ್ಬಳಿಗೇ ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿದರೆ ಬದನೆಕಾಯಿ ಕಾಣುತ್ತಿತ್ತು. ಫ್ರಿಜ್ಜಿನಲ್ಲಿಟ್ಟ ಬದನೆಕಾಯಿ ಇವತ್ತು ಮಾಡದಿದ್ದರೆ ಹಾಳಾಗುತ್ತದೆ. ಗ್ಯಾಸ್ ಆರಿಸಿ ಬಂದೆನೇ? ಆಮೇಲೆ ಕೊನೆಯ ಬೆಂಚಿನಲ್ಲಿ ಎಸ್ತರು ಏನು ಮಾಡುತ್ತಿರಬಹುದು? ನನ್ನನ್ನು ಶಪಿಸುತ್ತಿದ್ದಾಳೆಯೇ? ಹದಿನೆಂಟು ವರ್ಷ ದುಡಿದವಳನ್ನು ಹೀಗೆ ಮೂಲೆಗೆ ಕೂರಿಸಿದರಲ್ಲ! ಅಷ್ಟರಲ್ಲಿ ಅಯ್ಯನವರು ಆಮೆನ್ ಅನ್ನುತ್ತಿದ್ದರು.

ಮನೆಯಲ್ಲಿ ಪ್ರಾಕ್ಟೀಸ್ ಮಾಡೋಣವೆಂದು ಒಂದು ಮಧ್ಯಾಹ್ನ ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತೆ. ನಮ್ಮನೆಯವರು ಎರಡು ಸಲ ಇಣುಕಿ ನೋಡಿ, ಮೂರನೇ ಸಲ ಹತ್ತಿರ ಬಂದು ಹಣೆ ಮುಟ್ಟಿದರು.

"ಏನಾಯ್ತೇ? ಬಿಪಿ ಚೆಕ್ ಮಾಡಿಸ್ಕೊಂಡು ಬರೋಣ್ವಾ?"

"ಏನೂ ಇಲ್ಲ, ಮೌನವಾಗಿದ್ದೀನಿ."

"ಅಯ್ಯೋ, ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅಂದರು ಪಾಪ.

ಎಂಟನೇ ಭಾನುವಾರ. ಚರ್ಚಿನ ಹೊರಗೆ ಚಪ್ಪಲಿ ಬಿಡುತ್ತಿದ್ದೆ. "ಅಕ್ಕ" ಅಂದಂತಾಯಿತು. ಎಸ್ತರು. ಎಂಟು ತಿಂಗಳಾಗಿತ್ತು ಆ ಬಾಯಿಂದ ಆ ಮಾತು ಕೇಳಿ. ಬೇರೆ ಯಾರನ್ನೋ ಕರೆದಳೇನೋ ಅಂತ ಹಿಂದೆ ತಿರುಗಿ ನೋಡಿದೆ, ಯಾರೂ ಇರಲಿಲ್ಲ.

"ನಿನ್ನನ್ನೇ. ಒಂದು ಮಾತು ಕೇಳ್ತೀನಿ, ಸುಳ್ಳು ಹೇಳ್ಬೇಡ. ಆ ಎರಡು ನಿಮಿಷದಲ್ಲಿ ನಮ್ಮ ಶೀಲಾನ ನೆನೆಸ್ಕೊಳ್ತೀಯಾ?"

ಪ್ರತಿ ವಾರ ನೆನೆಸಿಕೊಳ್ಳುತ್ತೇನೆ ಅಂತ ಹೇಳುವುದು ಎಷ್ಟು ಸುಲಭವಿತ್ತು! ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಅದನ್ನು ನುಂಗಿದೆ.

"ಇಲ್ಲ ಕಣೇ ಎಸ್ತರು. ಒಂದು ವಾರವೂ ಇಲ್ಲ."

"ಮತ್ತೆ ಏನ್ ಮಾಡ್ತಿದ್ದೆ ಅಷ್ಟು ಹೊತ್ತು?"

"ಬದನೆಕಾಯಿ ಯೋಚನೆ. ನೀನು ಯಾವಾಗ ಮಾತಾಡಿಸ್ತೀಯ ಅಂತ ಯೋಚನೆ. ನನಗೆ ಅವಮಾನ ಆಯ್ತು ಅಂತ ಯೋಚನೆ. ನನ್ನದೇ ಎಲ್ಲ." ಅಲ್ಲಿಗೇ ನಿಲ್ಲಿಸದೆ ಈ ಸಲ ಅದನ್ನೂ ಅಂದೆ: "ತಪ್ಪಾಯ್ತು ಕಣೇ. ಮಗು ಹೇಗಿದ್ದಾಳೆ ಅಂತ ಕೂಡ ನಾನು ನಿನ್ನ ಕೇಳಲಿಲ್ಲ."

ಅವಳು ಹತ್ತಿರ ಬಂದು, "ಮಂಗಳವಾರ ಅವಳಿಗೆ ಮತ್ತೆ ಬಂತು ಅಕ್ಕ" ಅಂದಳು. "ಇಷ್ಟು ವರ್ಷ ಆದ್ಮೇಲೆ. ಕೋಲಾರದಲ್ಲಿ ರೂಮಲ್ಲಿ ಬಿದ್ದಳಂತೆ. ಜೊತೇಲಿರೋ ಹುಡುಗಿ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅವರಪ್ಪನಿಗೂ ಇನ್ನೂ ಹೇಳಿಲ್ಲ."

"ನನಗ್ಯಾಕೆ ಹೇಳ್ತಿದ್ದೀಯೇ? ಎಲ್ಲಾ ಬಿಟ್ಟು ನನಗೆ?"

"ಇನ್ಯಾರಿಗೆ ಹೇಳ್ಲಿ? ಈ ಊರಲ್ಲಿ ಅವಳಿಗೋಸ್ಕರ ಅತ್ತೋಳು ನೀನೊಬ್ಬಳೇ" ಅಂದಳು. ಯಾರಿಗೂ ಹೇಳಬೇಡ ಅಂತ ಅನ್ನಲಿಲ್ಲ. ಅನ್ನಬಹುದಿತ್ತು, ಅನ್ನುವ ಹಕ್ಕೂ ಇತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ಒಳಗೆ ಹೋಗಿ ತನ್ನ ಕೊನೆಯ ಬೆಂಚಿನಲ್ಲಿ ಕೂತಳು.

ಅವತ್ತು ಪ್ರಸಂಗದಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಮುಗಿದ ಮೇಲೆ ಅಯ್ಯನವರು ನನ್ನ ಕಡೆ ನೋಡಿ ನಕ್ಕು, "ಇವತ್ತು ಟೀಚರಮ್ಮ ಪ್ರಾರ್ಥನೆ ನಡೆಸಿಕೊಡ್ತಾರೆ" ಅಂದುಬಿಟ್ಟರು! ಕೊಟ್ಟ ಮಾತು ಉಳಿಸಿಕೊಳ್ಳಲು ಅವರಿಗೆ ಬೇರೆ ದಿನ ಸಿಗಲಿಲ್ಲ. ಬರುವುದಿಲ್ಲ ಅನ್ನೋಣವೆಂದರೆ ಆಗಲೇ ಸಭೆಯೆಲ್ಲ ತಲೆ ಬಗ್ಗಿಸಿತ್ತು. ಆ ವಾರದ ಪೆಪ್ಪರಮಿಂಟನ್ನು ಬಾಯಿಗೆ ಹಾಕಿಕೊಂಡು ಹೋಗಿ ಮೈಕು ಹಿಡಿದೆ.

ಮೊದಲ ಸಲ ಕಣ್ಣು ತೆರೆದುಕೊಂಡೇ ಪ್ರಾರ್ಥನೆ ಶುರು ಮಾಡಿದೆ. ಮುಚ್ಚಲು ಭಯವಾಯಿತು. ದೇಶ ಬಂತು, ರಾಜ್ಯ ಬಂತು, ರೈಲಿನವರು ಬಂದರು, ಇಟ್ಟಿಗೆ ಗೂಡಿನವರು ಬಂದರು. ಯೋಸೇಪಪ್ಪನ ಕಣ್ಣಿನ ಆಪರೇಷನ್ ಬಂತು. ಇಡೀ ಸಭೆಯಲ್ಲಿ ಎಲ್ಲರ ಕಣ್ಣೂ ಮುಚ್ಚಿದ್ದವು, ಕೊನೆಯ ಬೆಂಚಿನಲ್ಲಿ ಎಸ್ತರಳ ಕಣ್ಣು ಮಾತ್ರ ತೆರೆದಿತ್ತು. ನನ್ನನ್ನೇ ನೋಡುತ್ತಿದ್ದಳು. ನನ್ನ ಪಟ್ಟಿಯಲ್ಲಿ ಮುಂದಿನ ಹೆಸರು ಯಾವುದು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

"ಕರ್ತನೇ, ನಮ್ಮ..." ಅಂದೆ. ಹೆಸರು ಹಲ್ಲಿನ ತನಕ ಬಂದು ನಿಂತಿತು.

ನಾನು ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ನಿಲ್ಲಬೇಕೆಂದು ನಿಂತದ್ದಲ್ಲ. ಹೇಳಿದರೆ ಎಸ್ತರಳಿಗೆ ದ್ರೋಹ, ಹೇಳದೆ ಮುಂದಿನ ಹೆಸರಿಗೆ ದಾಟಿದರೆ ಆ ಮಗುವಿಗೆ ದ್ರೋಹ. ದಾಟಲೂ ಆಗಲಿಲ್ಲ, ಹೇಳಲೂ ಆಗಲಿಲ್ಲ. ನಾನು ಎಂದೂ ನೋಡಿರದ ಕೋಲಾರದ ಒಂದು ರೂಮು, ಅದರ ನೆಲ, ನೆಲದ ಮೇಲೆ ಬಿದ್ದ ಶೀಲಾ, ಅಷ್ಟೇ ಕಾಣುತ್ತಿತ್ತು. ಕಣ್ಣಲ್ಲಿ ನೀರು ಇಳಿಯಿತು. ಯಾರೋ ಕೆಮ್ಮಿದರು. ನಮ್ಮನೆಯವರು ಗಾಬರಿಯಾಗಿ ಅರ್ಧ ಎದ್ದರು.

"ನಿನಗೆ ಗೊತ್ತು. ಆಮೆನ್" ಅಂದೆ. ಮೈಕು ಇಟ್ಟು ಬಂದೆ.

ಅದು ಪ್ರಾರ್ಥನೆಯೋ ಏನೋ ನನಗೆ ಇವತ್ತಿಗೂ ತಿಳಿದಿಲ್ಲ. ಬಾಗಿಲಲ್ಲಿ ಕೈ ಕುಲುಕಿದ ಅಯ್ಯನವರು, "ನಡುವೆ ಬಿಟ್ರಲ್ಲ ಟೀಚರಮ್ಮ, ಆ ಮೌನ ತುಂಬಾ ಚೆನ್ನಾಗಿತ್ತು" ಅಂದರು, ನಾನು ಬೇಕೆಂದೇ ಬಿಟ್ಟೆ ಅಂದುಕೊಂಡು. ಹಿಂದೆಯೇ ಯೋಸೇಪಪ್ಪ ಯಾರಿಗೋ, "ಟೀಚರಮ್ಮನಿಗೂ ವಯಸ್ಸಾಯ್ತು, ಹೆಸರು ಮರೆತುಬಿಟ್ಲು ಪಾಪ" ಅನ್ನುತ್ತಿದ್ದರು. ಇಬ್ಬರ ಮಾತಿಗೂ ತಲೆಯಾಡಿಸಿದೆ.

ಗೇಟಿನ ಹತ್ತಿರ ಎಸ್ತರು ನಿಂತಿದ್ದಳು. ಜನ ದಾಟಿ ಹೋಗುವ ತನಕ ಕಾದೆವು.

"ಬಾಯೇ ಬರಲಿಲ್ಲ ಕಣೇ" ಅಂದೆ. "ಏನೂ ಕೇಳಲಿಲ್ಲ ನಾನು. ದೇವರಿಗೆ ಏನು ಕೇಳಿಸ್ತೋ ಏನೋ, ನನಗಂತೂ ಗೊತ್ತಿಲ್ಲ."

ಎಸ್ತರು ನನ್ನ ಕೈ ಹಿಡಿದುಕೊಂಡಳು. ಸೂಜಿ ಹಿಡಿದು ಹಿಡಿದು ಒರಟಾದ ಬೆರಳು.

"ನನಗೆ ಕೇಳಿಸ್ತು ಅಕ್ಕ" ಅಂದಳು.